ನಾನು ಬಟ್ಟೆ ಹೊಲಿದ ಹಾಡುಗಾರ್ತಿ

ಊಟಿ ಮಾರ್ಕೆಟ್ಟಿನ ಹಿಂದೆ, ಮಹಡಿ ಮೇಲೆ ನನ್ನ ಹೊಲಿಗೆ ಅಂಗಡಿ. ತಾತ ಗುಂಡ್ಲುಪೇಟೆ ಕಡೆಯಿಂದ ವ್ಯಾಪಾರಕ್ಕೆಂದು ಬೆಟ್ಟ ಹತ್ತಿ ಬಂದವರು. ವ್ಯಾಪಾರ ಅಪ್ಪನ ಕಾಲಕ್ಕೇ ಮುಗಿಯಿತು, ನಾನು ಕತ್ತರಿ ಹಿಡಿದೆ. ಶಾಲೆಯ ಯೂನಿಫಾರಂ, ಮದುವೆಯ ರವಿಕೆ, ಜಿಪ್ಪು ಕೆಟ್ಟ ಸ್ವೆಟರು, ಇಷ್ಟರಲ್ಲೇ ದಿನ ಹೋಗುತ್ತಿತ್ತು. ಹಾಡಿನ ವಿಡಿಯೋಗೂ ಬಟ್ಟೆ ಹೊಲಿಸುತ್ತಾರೆ ಎಂದು ನನಗೆ ತಿಳಿದದ್ದು ಅವಳು ಬಂದ ಮೇಲೆ.

ಮೊದಲ ಸಲ ಬಂದಾಗ ಅವಳು ಯಾರಿಗೂ ಗೊತ್ತಿರಲಿಲ್ಲ. ಕುಂದಾದ ಪವರ್‌ಹೌಸ್ ಕ್ವಾರ್ಟರ್ಸಿನಲ್ಲಿ ಬೆಳೆದ ಬಡಗ ಹುಡುಗಿ, ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ. ಜೊತೆಗೆ ಮದುವೆಗಳ ವಿಡಿಯೋ ತೆಗೆಯುವ ಅಣ್ಣ, ದೊಡ್ಡಪ್ಪನ ಮಗ. ಅವಳು ಹಾಡಿದ ಹಾಡು ಕೊಯಮತ್ತೂರಿನಲ್ಲಿ ರೆಕಾರ್ಡ್ ಆಗಿತ್ತು, ಇನ್ನು ಚಿತ್ರ ತೆಗೆಯುವುದಷ್ಟೇ ಬಾಕಿ. ಬಿಳಿ ಮುಂಡು, ಮೇಲೊಂದು ಬಿಳಿ ಹೊದಿಕೆ, ತಲೆಗೆ ಕಟ್ಟುವ ಪಟ್ಟು, ಎಲ್ಲ ಹೊಸದಾಗಿ ಬೇಕೆಂದಳು.

"ನಿಮ್ಮ ಹಟ್ಟೀಲಿ ಮನೆಮನೆಯಲ್ಲೂ ಇರುತ್ತಲ್ಲಮ್ಮ, ಹೊಸದು ಯಾಕೆ?" ಎಂದೆ.

"ಅದು ಕ್ಯಾಮೆರಾಲಿ ಹಳದಿ ಹಳದಿ ಕಾಣ್ತದೆ ಅಕ್ಕ. ಅಲ್ಲದೆ ಎನಗ ಉಟ್ಟು ಅಭ್ಯಾಸ ಇಲ್ಲೆ. ಸುಲಭವಾಗಿ ನಿಲ್ಲೋ ಹಾಂಗೆ ಒಳಗೆ ಹುಕ್ಕು ಇಟ್ಟುಬಿಡಿ."

ಅವಳ ಮಾತು ಬಡಗದಲ್ಲಿ ಶುರುವಾಗಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳುತ್ತಿತ್ತು. ಅಜ್ಜಿಯಂದಿರು ಒಂದು ಪಿನ್ನೂ ಇಲ್ಲದೆ ಉಡುವ ಬಟ್ಟೆಗೆ ನಾನು ಒಳಗಡೆ ಸಾಲಾಗಿ ಹುಕ್ಕು ಹಾಕಿ ಕೊಟ್ಟೆ.

ವಿಡಿಯೋ ಬಂತು. ಎಲ್ಲರ ಫೋನಿನಲ್ಲೂ ಅದೇ. ಎಮರಾಲ್ಡ್ ಊರಿಗೆ ಹೋಗುವ ಬಸ್ಸಿನ ಡ್ರೈವರು ದಿನವೂ ಆ ಹಾಡನ್ನೇ ಹಾಕುತ್ತಿದ್ದರಂತೆ. ನಾನೂ ನೋಡಿದೆ. ಅಣೆಕಟ್ಟಿನ ನೀರಿನ ಪಕ್ಕ ಕಣ್ಣು ತಗ್ಗಿಸಿ ನಡೆಯುವ, ಗಾಳಿಗೂ ನಾಚಿಕೊಳ್ಳುವ ಒಬ್ಬ ಹೆಣ್ಣು. ಇವಳೇ ಅಲ್ಲವೇ ನನ್ನ ಕಟಿಂಗ್ ಟೇಬಲ್ ಮೇಲೆ ಹತ್ತಿ ಕೂತು, ಬಾಯಿ ತುಂಬ ವರ್ಕಿ ಬಿಸ್ಕತ್ತು ತುರುಕಿಕೊಂಡು, ಪುಡಿ ಉದುರಿಸುತ್ತ ನಕ್ಕವಳು? ಮೂರು ನಾಲ್ಕು ಸಲ ಹಿಂದೆ ಹಾಕಿ ನೋಡಿದೆ. ನಾಚಿಕೆ ಎಲ್ಲಿಂದ ಬಂತು ಎಂಬುದು ತಿಳಿಯಲಿಲ್ಲ. ಅಂದಿನಿಂದ ಅವಳ ಮೇಲೆ ನನಗೊಂದು ಕುತೂಹಲ ಅಂಟಿಕೊಂಡಿತು.

ಮುಂದಿನ ಸಲ ಬಂದಾಗ ಕೂದಲು ಕತ್ತರಿಸಿಕೊಂಡಿದ್ದಳು. ಕೆಂಪು ರೆಕ್ಸಿನ್ ಜಾಕೆಟ್ ಬೇಕಂತೆ, ಮೈಗೆ ಬಿಗಿಯಾಗಿ. ಹಾಡಿನಲ್ಲಿ ಅವಳು ಬುಲೆಟ್ ಓಡಿಸುತ್ತಾಳೆ. ರೆಕ್ಸಿನ್ ಹೊಲಿಯುವುದು ನನ್ನ ಮೆಷಿನ್ನಿಗೆ ಹೊಸದು, ಜಿಪ್ಪು ಸರಿಯಾಗಿ ಕೂರಲಿಲ್ಲ. ಅದಕ್ಕೇ ಶೂಟಿಂಗ್ ದಿನ ಸೂಜಿ ದಾರ ಹಿಡಿದು ನಾನೂ ಜೀಪಿನಲ್ಲಿ ಮಸಿನಗುಡಿಗೆ ಇಳಿದೆ.

ಅಲ್ಲಿ ಕಂಡದ್ದು ನೋಡಿ ನಗು ತಡೆಯಲಾಗಲಿಲ್ಲ. ಬುಲೆಟ್ಟನ್ನು ಪಿಕಪ್ ಗಾಡಿಯ ಮೇಲೆ ಹಗ್ಗ ಹಾಕಿ ಕಟ್ಟಿದ್ದರು. ಅದರ ಮೇಲೆ ಇವಳು ಕಪ್ಪು ಕನ್ನಡಕ ಹಾಕಿ ಕೂತಿದ್ದಳು. ಪಿಕಪ್ ಓಡುತ್ತಿತ್ತು, ಅವಳ ಅಣ್ಣ ಚಕ್ರ ಕಾಣದ ಹಾಗೆ ಮೇಲಷ್ಟೇ ಚಿತ್ರ ತೆಗೆಯುತ್ತಿದ್ದ. ಬಿಸಿಲಿಗೆ ರೆಕ್ಸಿನ್ ಒಳಗೆ ಬೆಂದುಹೋಗಿ, ಪ್ರತಿ ಶಾಟ್ ಮುಗಿದ ಮೇಲೂ ನನ್ನನ್ನು ಕರೆದು ಜಿಪ್ಪು ಬಿಚ್ಚಿಸಿಕೊಳ್ಳುತ್ತಿದ್ದಳು.

ಆ ವಿಡಿಯೋ ಬಂದಾಗ ಬೈದವರು ಬಹಳ. ಅಂಗಡಿಯಲ್ಲಿ ಅಳತೆಗೆ ನಿಂತು, ಜನ ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಿದಳು. ನಮ್ಮ ಹೆಣ್ಣುಮಕ್ಕಳು ಹೀಗಾ ಇರೋದು, ಆ ಬಿಳಿ ಮುಂಡಿನ ಹುಡುಗಿ ಎಲ್ಲಿ ಹೋದಳು, ಹೀಗೆ.

"ಬೇಜಾರಾಗಲ್ವಾ?" ಎಂದೆ.

"ಆಗ್ತದೆ. ಆದ್ರೆ ಅಕ್ಕ, ಇವರು ಕೇಳೋ ಆ ಹುಡುಗೀನ ನಾನೂ ನೋಡಿಲ್ಲೆ."

ಬೈದವರಿಗಿಂತ ಅವಳಿಗೆ ಕಷ್ಟ ಕೊಟ್ಟದ್ದು ಮೆಚ್ಚಿದವರು. ಹೋದಲ್ಲೆಲ್ಲ ಕಾಲೇಜು ಹುಡುಗಿಯರು ಬುಲೆಟ್ ಓಡಿಸಿ ತೋರಿಸಿ ಎನ್ನುತ್ತಿದ್ದರಂತೆ. ಕೆಲವು ತಿಂಗಳಾದ ಮೇಲೆ ಕೆಳಗೆ ರಸ್ತೆಯಲ್ಲಿ ಗುಡುಗುಡು ಸದ್ದಾಯಿತು. ಕಿಟಕಿಯಿಂದ ಬಗ್ಗಿದರೆ ಇವಳು, ಮಂಜಿನಲ್ಲಿ ತೊಯ್ದು ಮುದ್ದೆಯಾಗಿ, ಬುಲೆಟ್ ನಿಲ್ಲಿಸಲು ಕಾಲು ಎಟುಕಿಸುತ್ತಿದ್ದಳು. ಕುಂದಾದಿಂದ ಒಬ್ಬಳೇ ಬಂದಿದ್ದಳು. ಮೇಲೆ ಬಂದವಳು, "ಏನು ಮಾಡೋದು ಅಕ್ಕ, ಎಲ್ಲರೂ ನಂಬಿಬಿಟ್ರು. ಕಲಿತುಬಿಟ್ಟೆ" ಎಂದಳು.

ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಹಟ್ಟಿಯ ಮದುವೆಗಳಲ್ಲಿ ಹೆಂಗಸರು ಕುಣಿಯಲು ಕೈ ಹಿಡಿದು ಎಳೆಯುತ್ತಾರೆಂದು ಈ ನಡುವೆ ಅವಳು ಅಜ್ಜಿಯ ಹತ್ತಿರ ಕೂತು ಮುಂಡು ಉಡುವುದನ್ನೂ ಪಟ್ಟು ಕಟ್ಟುವುದನ್ನೂ ಕಲಿತಿದ್ದಳು. ನಾನು ಹಾಕಿದ ಹುಕ್ಕುಗಳನ್ನು ತಾನೇ ಬಿಚ್ಚಿ ಎಸೆದಳಂತೆ. ವಿಡಿಯೋ ಮುಂದೆ ಹೋಗುತ್ತಿತ್ತು, ಇವಳು ಹಿಂದಿನಿಂದ ಓಡಿ ಅದನ್ನು ಹಿಡಿಯುತ್ತಿದ್ದಳು.

ಮೂರನೆಯ ಹಾಡಿಗೆ ಕೊಯಮತ್ತೂರಿನ ನಿರ್ಮಾಪಕರೊಬ್ಬರು ಸಿಕ್ಕರು. ಅದರಲ್ಲಿ ಅವಳು ಟೀ ಎಲೆ ಕೀಳುವ ಬಡ ಹೆಣ್ಣು. ಹೊಸ ಬಟ್ಟೆಯನ್ನು ಹಳೆಯದಾಗಿ ಮಾಡಿ ಕೊಡಬೇಕೆಂದರು. ನಾನು ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ, ಕಲ್ಲಿಗೆ ಉಜ್ಜಿ, ಭುಜದಲ್ಲಿ ಹರಿದು ತೇಪೆ ಹಾಕಿದೆ. ಅದನ್ನು ಒಯ್ಯಲು ಬಂದವರು ಅವಳ ಅವ್ವೆ. ಅಪ್ಪ ರಿಟೈರಾದ ಮೇಲೆ ಮನೆಯವರೆಲ್ಲ ಹಟ್ಟಿಗೆ ಮರಳಿ, ಸಣ್ಣ ಟೀ ತೋಟ ನೋಡಿಕೊಳ್ಳುತ್ತಿದ್ದರು. ಅವ್ವೆ ತೇಪೆಯ ಮೇಲೆ ಬೆರಳಾಡಿಸಿದರು.

"ಇಂಥ ಹರುಕು ಹಾಕಿ ಯಾರಮ್ಮ ಎಲೆ ಕೀಳ್ತಾರೆ? ಕಡ್ಡಿ ತರಚೋದಿಲ್ವಾ? ನಾನು ಒಳ್ಳೆ ಸ್ವೆಟರ್ ಹಾಕ್ಕೊಂಡೇ ಹೋಗೋದು."

"ನಿಮ್ಮ ಮಗಳನ್ನ ಕೇಳಿ" ಎಂದೆ.

"ಕೇಳಿದೆ. ಹರಿದಿದ್ರೆ ಜನ ಅಳ್ತಾರಂತೆ."

ಶೂಟಿಂಗ್ ನಡೆದದ್ದು ಅವರ ತೋಟದಲ್ಲೇ. ಇವಳಿಗೆ ಎಲೆ ಕೀಳಲು ಬರುತ್ತಿರಲಿಲ್ಲ, ಉಗುರು ಹಾಕಿ ಹಿಸುಕುತ್ತಿದ್ದಳು. ಕೊನೆಗೆ ಅವ್ವೆಯ ಸ್ವೆಟರಿನ ತೋಳು ಮೇಲಕ್ಕೆ ಮಡಿಸಿ ಅವರ ಕೈಯನ್ನೇ ಹತ್ತಿರದಿಂದ ತೆಗೆದರು. ಆಮೇಲೆ ಅಜ್ಜಿಯನ್ನು ಊಟಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆತಂದಾಗ, ನನ್ನ ಅಂಗಡಿಯಲ್ಲೇ ಕೂರಿಸಿ ಫೋನಿನಲ್ಲಿ ಆ ಹಾಡು ತೋರಿಸಿದಳು. ಅಜ್ಜಿ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದು ದಾರ?" ಎಂದರು. ಇದು ಯಾರು, ಎಂದು. ಪಕ್ಕದಲ್ಲೇ ಕೂತಿದ್ದ ಮೊಮ್ಮಗಳು, "ನಾನೇ ಹೆತ್ತೆ" ಎಂದಳು. ಬಡಗದಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತಾರೆ. ಅಜ್ಜಿ ಒಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ಎಲೆ ಕೀಳುವ ಕೈ ಬಂದಾಗ ಮಾತ್ರ ಅವರ ಮುಖ ಅರಳಿತು. ಸೊಸೆಯ ಕೈ ಎಂದು ಗುರುತು ಹಿಡಿದಿದ್ದರು.

ಆ ಹಾಡಿನ ಮೇಲೆ ಅವಳ ಹೆಸರು ಗೂಡಲೂರಿನವರೆಗೂ ಹೋಯಿತು. ಮದುವೆಯೂ ಆಯಿತು, ಗಂಡ ತರಕಾರಿ ಬೆಳೆಯುವವರು. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. ತುಂಬು ಬಸುರಿ. ಹಬ್ಬಕ್ಕೆ ಮೊದಲು ಹಾಡು ಬರಲೇಬೇಕೆಂದು ನಿರ್ಮಾಪಕರು ಹಟ ಹಿಡಿದಿದ್ದರು, ಹೊಟ್ಟೆ ಮಾತ್ರ ಕಾಣಬಾರದು.

"ಜನಕ್ಕೆ ಹುಡುಗಿ ಬೇಕಂತೆ" ಎಂದಳು.

ನಾನು ಕಡುಹಸಿರು ಉಲ್ಲನ್ ಬಟ್ಟೆಯಲ್ಲಿ, ಭುಜದಿಂದಲೇ ಗಂಟೆಯ ಹಾಗೆ ಅಗಲವಾಗುವ ಉದ್ದನೆಯ ಕೋಟು ಹೊಲಿದೆ. ನನಗೆ ಅದರ ಮೇಲೆ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಶೂಟಿಂಗಿಗೂ ಹೋದೆ.

ಎಮರಾಲ್ಡ್ ಅಣೆಕಟ್ಟಿನ ನೀರಿನ ದಂಡೆಯಲ್ಲಿ ಗಾಳಿ ಜೋರಾಗಿತ್ತು. ಗಾಳಿ ಬೀಸಿದಾಗಲೆಲ್ಲ ಕೋಟು ಹೊಟ್ಟೆಗೆ ಒತ್ತಿ ಒಳಗಿರುವುದನ್ನೆಲ್ಲ ಹೇಳಿಬಿಡುತ್ತಿತ್ತು. ಅಣ್ಣ ಬಂಡೆ ಹತ್ತಿ ನೋಡಿದ, ಪೊದೆಯ ಹಿಂದಿನಿಂದ ನೋಡಿದ, ಅವಳ ಕೈಗೊಂದು ಹೂವಿನ ಬುಟ್ಟಿ ಕೊಟ್ಟು ಹೊಟ್ಟೆಗೆ ಅಡ್ಡ ಹಿಡಿಸಿದ. ಬುಟ್ಟಿ ಸಾಲದೆ ಕೊಡೆ ತಂದ. ಕೊಡೆ ಗಾಳಿಗೆ ಮಗುಚಿತು. ಆಗ ಅವಳಿಗೆ ನಗು ಬಂತು. ನಿಲ್ಲಿಸಲಾರದೆ ಬಂಡೆಯ ಮೇಲೆ ಕೂತು ನಕ್ಕಳು. ಆಮೇಲೆ ಕೋಟಿನ ಗುಂಡಿಗಳನ್ನು ತಾನೇ ಬಿಚ್ಚಿ, ಅದನ್ನು ಕಳಚಿ ಮಡಿಸಿ ನನ್ನ ಕೈಗಿಟ್ಟಳು. ಒಳಗೆ ಮನೆಯಲ್ಲಿ ಹಾಕುವ ಹೂವಿನ ನೈಟಿ, ಮೇಲೆ ಗಂಡನ ಸ್ವೆಟರು.

"ಹೀಂಗೇ ತೆಗಿ ಅಣ್ಣ."

"ನಿರ್ಮಾಪಕರು ಏನಂತಾರೆ?"

"ಏನೋ ಅಂತಾರೆ. ಎನಗ ಕಾಲು ನೋಯ್ತದೆ, ಬೇಗ ತೆಗಿ."

ನನ್ನ ಕೋಟನ್ನು ನಾನು ಎದೆಗವಚಿಕೊಂಡು ನಿಂತೆ. ಸ್ವಲ್ಪ ಬೇಸರವಾಯಿತು, ಅದಕ್ಕಿಂತ ಹೆಚ್ಚಾಗಿ ಮುಂದೆ ಏನಾಗುತ್ತದೋ ನೋಡಬೇಕು ಅನ್ನಿಸಿತು.

ನಿರ್ಮಾಪಕರು ಆ ಹಾಡನ್ನು ಕೈಬಿಟ್ಟರು. ಅಣ್ಣ ತಂಗಿ ತಮ್ಮದೇ ಚಾನೆಲ್ಲಿಗೆ ಹಾಕಿದರು. ಈ ಸಲ ಬೈಗುಳಕ್ಕೆ ನಾನೇ ಹೆದರಿ, ರಾತ್ರಿ ಅಡುಗೆ ಬಿಟ್ಟು ಓದಲು ಕೂತೆ. ಬೈದವರು ಇಲ್ಲದಿಲ್ಲ. ಆದರೆ ಬರೆದವರಲ್ಲಿ ಬಹಳ ಮಂದಿ ಹೆಂಗಸರು, ಹಾಡಿನ ಬಗ್ಗೆ ಒಂದು ಮಾತೂ ಇಲ್ಲ. ಎಷ್ಟು ತಿಂಗಳಮ್ಮ? ನೀರಿನ ಹತ್ತಿರ ಗಾಳಿಗೆ ನಿಲ್ಲಬೇಡ. ಕಾಲಿಗೆ ಸಾಕ್ಸ್ ಹಾಕು. ಕಿವಿಗೆ ಏನೂ ಕಟ್ಟಿಲ್ಲವಲ್ಲ. ಒಬ್ಬರಂತೂ ಯಾವ ಸೊಪ್ಪು ತಿನ್ನಬೇಕೆಂದು ಉದ್ದಕ್ಕೆ ಬರೆದಿದ್ದರು. ಆ ಹಾಡು ಹಿಂದಿನದರಷ್ಟು ಓಡಲಿಲ್ಲ, ಆದರೆ ಅದಾದ ಮೇಲೆ ನಿರ್ಮಾಪಕರ ಗೊಡವೆಯಿಲ್ಲದೆಯೇ ಅವಳಿಗೆ ಹಾಡುಗಳು ಬರತೊಡಗಿದವು.

ಹೋದ ವಾರ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಹೊಸ ಹಾಡಿಗೆ ತಿರುಗಿದರೆ ಅರಳುವ ಲಂಗ ಬೇಕು. ಸುತ್ತಳತೆ ಎಷ್ಟಿರಬೇಕು ಎಂದರೆ ಅವಳಿಗೂ ಗೊತ್ತಿಲ್ಲ.

"ಎಷ್ಟು ಜೋರಾಗಿ ತಿರುಗ್ತೀಯ?" ಎಂದು ಕೇಳಿದೆ.

"ಹಾಡು ಇನ್ನೂ ರೆಕಾರ್ಡ್ ಆಗಿಲ್ಲೆ ಅಕ್ಕ. ಇರಿ, ಹೇಳ್ತೀನಿ."

ಮಗುವನ್ನು ಕಟಿಂಗ್ ಟೇಬಲ್ ಮೇಲೆ ಮಲಗಿಸಿ, ಅದರ ಎದೆಯ ಮೇಲೆ ಮೆಲ್ಲಗೆ ತಟ್ಟುತ್ತ ಆ ಹೊಸ ಹಾಡು ಹಾಡಿದಳು. ಇಷ್ಟು ವರ್ಷದಲ್ಲಿ ಅವಳು ನನ್ನೆದುರು ಹಾಡಿರಲಿಲ್ಲ. ಶೂಟಿಂಗಿನಲ್ಲಿ ಹಾಡು ಸ್ಪೀಕರಿನಲ್ಲಿ ಬರುತ್ತದೆ, ಅವಳು ತುಟಿ ಆಡಿಸುತ್ತಾಳೆ, ಅಷ್ಟೆ. ಎದುರಿಗೆ ಕೇಳಿದರೆ ದನಿ ಫೋನಿನಲ್ಲಿ ಕೇಳುವುದಕ್ಕಿಂತ ದಪ್ಪಗಿತ್ತು, ಮೇಲಿನ ಸ್ವರದಲ್ಲಿ ಒಂದು ಚೂರು ಒಡೆಯುತ್ತಿತ್ತು. ನಾನು ಮೆಷಿನ್ ನಿಲ್ಲಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು, ಇನ್ನೊಂದು ಸಲ ಹಾಡು ಎಂದೆ.