ಮನೆಯೊಳಗಿನ ಪತ್ತೇದಾರಿ

ಪದವಿಯಲ್ಲಿ ಅಪರಾಧಶಾಸ್ತ್ರವನ್ನೂ ಕಂಪ್ಯೂಟರ್ ವಿಜ್ಞಾನವನ್ನೂ ಒಟ್ಟಿಗೆ ಓದಲು ಶುರುಮಾಡಿದ ಮೇಲೆ ಈ ಮಗಳ ಕಣ್ಣಿಗೆ ಮನೆಮಂದಿಯೆಲ್ಲ ಆರೋಪಿಗಳೇ. ಹಾಲು ಉಕ್ಕಿದರೆ ಸಾಕು, ಒಲೆಯ ಸುತ್ತ ದಾರ ಕಟ್ಟಿ, "ಯಾರೂ ಏನೂ ಮುಟ್ಬೇಡಿ" ಎಂದು ಗದರುತ್ತಾಳೆ. ಸಕ್ಕರೆ ಕಾಯಿಲೆಯ ಅಪ್ಪ ಕದ್ದು ಬಿಸ್ಕತ್ತು ತಿಂದರೆ, ಡಬ್ಬದ ಮುಚ್ಚಳಕ್ಕೆ ಹಿಟ್ಟು ಉದುರಿಸಿ, ಮೂಡಿದ ಬೆರಳಚ್ಚನ್ನು ತಾನೇ ಬರೆದ ಪ್ರೋಗ್ರಾಮಿನಲ್ಲಿ ಹೋಲಿಸಿ ನೋಡಿ, ಊಟದ ಹೊತ್ತಿಗೆ ತೀರ್ಪು ಕೊಡುತ್ತಾಳೆ. "ಇವ್ಳು ಓದಿದ್ದು ಸಾಕಪ್ಪಾ, ಮನೇಲಿ ಸೀನೋಕೂ ಭಯ" ಎಂದು ಅಮ್ಮ ಗೊಣಗುತ್ತಾಳೆ. ಮೊನ್ನೆ, ಇತ್ತೀಚೆಗೆ ಮರೆವು ಹೆಚ್ಚಾಗಿರುವ ಅಜ್ಜಿಯ ಕನ್ನಡಕ ಅದೇ ಬಿಸ್ಕತ್ತು ಡಬ್ಬದೊಳಗೆ ಸಿಕ್ಕಿತು. "ನಾನೇ ಇಟ್ನೇನೇ?" ಎಂದು ಅಜ್ಜಿ ಅಳುಮೋರೆ ಮಾಡಿದಳು. ಮೊಮ್ಮಗಳು ಮುಚ್ಚಳವನ್ನು ಅಂಗಿಯ ತೋಳಿನಿಂದ ಚೆನ್ನಾಗಿ ಒರೆಸಿ, "ಅಪ್ಪನ ಮೇಲೇ ಅನುಮಾನ ಅಜ್ಜೀ" ಎಂದಳು. ಅಪ್ಪ ಅಂದು ಮೊದಲ ಬಾರಿಗೆ ಸಾಕ್ಷಿಯೇ ಇಲ್ಲದೆ ತಪ್ಪೊಪ್ಪಿಕೊಂಡ.