ಅಕ್ಕ ಕೇಳದ ಫೋನು

ಕೊಟ್ಟೂರು ದಾಟಿದ ಮೇಲೆ ಬರುವ ಒಂದು ಸಣ್ಣ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾವು ಮೂವರು ಹೆಂಗಸರು ಆಪರೇಟರುಗಳಾಗಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ಯಾರು ಯಾರೊಡನೆ ಮಾತಾಡಬೇಕಿದ್ದರೂ ನಾವೇ ಬೋರ್ಡಿಗೆ ತಂತಿ ಚುಚ್ಚಿ ಸೇರಿಸಬೇಕು. ಸೇರಿಸಿದ ಮೇಲೆ ಹೆಡ್‌ಫೋನ್ ಕೆಳಗಿಡಬೇಕು ಎಂಬ ನಿಯಮ ಗೋಡೆಯ ಮೇಲಿತ್ತು. ಗೋಡೆಯ ಮೇಲೆ ಮಾತ್ರ ಇತ್ತು.

ಕೆಟ್ಟ ಬುದ್ಧಿಯೇನಲ್ಲ, ಊರಿನವರೆಲ್ಲ ನಮ್ಮವರೇ ಎಂಬ ಸಲಿಗೆ. ಬಾಣಂತಿಗೆ ಗಂಡೋ ಹೆಣ್ಣೋ ಎಂಬುದು ಅವಳ ಅತ್ತೆಗಿಂತ ಮೊದಲು ನಮಗೆ ತಿಳಿಯುತ್ತಿತ್ತು. ಮಧ್ಯಾಹ್ನ ಮಂಡಕ್ಕಿ ಕಲಸಿಕೊಂಡು ಕೂತರೆ ಕೇಳಿದ್ದೆಲ್ಲ ಹಂಚಿಕೊಳ್ಳುವುದು ನಮ್ಮ ಪದ್ಧತಿ. ಆಗ ನಮ್ಮಲ್ಲಿ ಹಿರಿಯಳಾದ ಅಕ್ಕ ತನ್ನ ಪಾಲು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿಬಿಡುತ್ತಿದ್ದಳು. ಲೈನು ಸಿಕ್ಕೊಡನೆ ಹೆಡ್‌ಫೋನ್ ಕಳಚುತ್ತಿದ್ದವಳು ಅವಳೊಬ್ಬಳೇ. ದೊಡ್ಡ ಸಾಹೇಬರು ಎಂದು ಹಿಂದಿನಿಂದ ಗೇಲಿ ಮಾಡುತ್ತಿದ್ದೆವು.

ಮುಂದೆ ಬೋರ್ಡು ಹೋಗಿ ಯಂತ್ರ ಬಂತು, ನಾವು ಮೂರು ದಿಕ್ಕಾದೆವು. ಕಂಪ್ಯೂಟರು ಬಂದ ಮೇಲೆ ನನ್ನ ಹೊಸ ಕಚೇರಿಯಲ್ಲಿ ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಕೂಗಿ ಕೇಳುವಾಗೆಲ್ಲ ಅಕ್ಕ ನೆನಪಾಗುತ್ತಿದ್ದಳು. ಇನ್ನೊಮ್ಮೆ ಅವಳ ಪಕ್ಕದ ಕುರ್ಚಿಯಲ್ಲಿ ಕೂರಬೇಕು ಎಂದು ಈಗಲೂ ಜೀವ ಹಂಬಲಿಸುತ್ತದೆ.

ಇದು ಬೋರ್ಡು ಇದ್ದ ಕಾಲದ ಮಾತು. ಅಕ್ಕನ ಮಗಳನ್ನು ಹರಪನಹಳ್ಳಿಯ ಗಂಡಿನವರು ನೋಡಿ ಹೋಗಿದ್ದರು. ಉತ್ತರ ಬಂದಿರಲಿಲ್ಲ, ಅಕ್ಕನಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಗಂಡಿನವರು, ಈ ಸಂಬಂಧ ತಂದಿದ್ದ ನಮ್ಮೂರಿನ ಹಿರಿಯರಿಗೆ ಲೈನು ಕೇಳಿದರು. ಅದನ್ನು ಸೇರಿಸಿದವಳು ಅಕ್ಕನೇ. ಸೇರಿಸಿ, ಹೆಡ್‌ಫೋನ್ ಕಳಚಿಟ್ಟು, ನೀರು ಕುಡಿಯಲು ಎದ್ದಳು. ನಮ್ಮಲ್ಲಿ ಮೂರನೆಯವಳಾದ ಗೆಳತಿಗೆ ತಡೆಯಲಾಗಲಿಲ್ಲ, ಅದನ್ನೆತ್ತಿ ಕಿವಿಗೆ ಹಚ್ಚಿಕೊಂಡಳು. ಮುಖ ಸಪ್ಪಗಾಯಿತು.

“ಅಕ್ಕಾ, ಒಂದ್ ಮಾತು…”

“ಹೇಳಬ್ಯಾಡವ್ವ. ಮಂದಿ ಮಾತು ಕೇಳಬಾರದಂತ ಇಷ್ಟ್ ವರ್ಷ ಕುಂತೀನಿ. ನನ್ ಮಗಳಿಗೆ ಬ್ಯಾರೆ ಕಾಯ್ದೆ ಐತೇನು? ಹಿರೇರು ಮನಿಗೆ ಬಂದು ಹೇಳ್ತಾರ, ಆವಾಗ ಕೇಳ್ತೀನಿ.”

ಅವರು ಬೇಡವೆಂದಿದ್ದಾರೆ ಎಂದು ಗೆಳತಿ ನನ್ನ ಕಿವಿಯಲ್ಲಿ ಉಸುರಿದಳು. ಸಂಜೆಯವರೆಗೆ ನಾವಿಬ್ಬರೂ ತಲೆಯೆತ್ತಲಿಲ್ಲ. ಅಕ್ಕನಿಗೋ ಏನೋ ಹುರುಪು. ಫೋನು ಬಂದಿದ್ದೇ ಶುಭ ಎಂದುಕೊಂಡಿರಬೇಕು.

“ಧಾರೀ ಸೀರಿ ಹಸರು ತರ್ಲೋ, ಕೆಂಪು ತರ್ಲೋ?” ಎಂದು ನನ್ನನ್ನು ಕೇಳಿದಳು.

ಹಸಿರು ಎಂದೆ. ಅವಳು ಚೀಲ ಹೆಗಲಿಗೇರಿಸಿ, ನಗುತ್ತಾ ಮನೆಗೆ ಹೊರಟಳು.