ಒಂದು ಮಿಲಿಮೀಟರಿನ ತಿದ್ದುಪಡಿ

ನಾನು ಕಸ್ಟಮ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಹೊರದೇಶದಿಂದ ಬಂದ ಸರಕು ಸುಂಕದ ಪುಸ್ತಕದ ಯಾವ ಸಾಲಿಗೆ ಸೇರುತ್ತದೆ ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ಪೆಟ್ಟಿಗೆಯ ಮೇಲೆ ಬರೆದಿರುವುದು ಒಂದು, ಒಳಗಿರುವುದು ಇನ್ನೊಂದು ಎಂದು ಅನುಮಾನಿಸುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ನಿವೃತ್ತಿಯಾಗಿ ಆರ್.ಕೆ.ಪುರಂ ಕ್ವಾರ್ಟರ್ಸ್ ಬಿಟ್ಟು ಘಾಜಿಯಾಬಾದಿನ ಫ್ಲ್ಯಾಟಿಗೆ ಬಂದ ಮೇಲೂ ಅಭ್ಯಾಸ ಹೋಗಲಿಲ್ಲ. ತರಕಾರಿ ಭಯ್ಯಾನ ತಕ್ಕಡಿ, ಲಿಫ್ಟಿನವನ ನಗು, ಸೊಸೈಟಿಯ ಕಾರ್ಯದರ್ಶಿಯ ನಮಸ್ಕಾರ, ಯಾವುದನ್ನೂ ನಾನು ಸುಮ್ಮನೆ ಒಪ್ಪಿದವನಲ್ಲ. ‘ಅನುಮಾನಂ ಪೆದ್ದ ರೋಗಂ’ ಎಂದು ನನ್ನ ಹೆಂಡತಿ ದಿನಕ್ಕೊಮ್ಮೆ ಹೇಳುತ್ತಾಳೆ. ರೋಗ ನನಗೆ, ಗುಳಿಗೆ ಅವಳಿಗೆ.

ನಮಗೆ ಒಬ್ಬಳೇ ಮಗಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಅರ್ಧ ಹಿಂದಿ. ಅವಳು ಫೋಟೋ ತೆಗೆಯುತ್ತಾಳೆ. ನಾಲ್ಕು ವರ್ಷ ಮದುವೆಗಳ ಫೋಟೋ ತೆಗೆದು ಬೇಸತ್ತು ಎಲ್ಲಿಂದಲೋ ಒಂದು ಮರದ ಕ್ಯಾಮೆರಾ ತಂದಳು. ಮೂರು ಕಾಲಿನ ಮೇಲೆ ನಿಲ್ಲಿಸಿ, ತಲೆಗೆ ಕರಿ ಬಟ್ಟೆ ಹೊದ್ದು ನೋಡುವಂಥದ್ದು. ಅದಕ್ಕೆ ಸುರುಳಿ ಫಿಲ್ಮ್ ಆಗುವುದಿಲ್ಲ. ಎಂಟು ಇಂಚು ಅಗಲ, ಹತ್ತು ಇಂಚು ಉದ್ದದ ಬಿಡಿ ಹಾಳೆಗಳೇ ಬೇಕು. ಅವು ಇಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು.

ಆ ಚಳಿಗಾಲದಲ್ಲಿ ಅವಳಿಗೆ ಈ ಕ್ಯಾಮೆರಾದ ಮೊದಲ ಕೆಲಸ ಸಿಕ್ಕಿತು. ಸರೋಜಿನಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸಿನ ಒಂದು ಬ್ಲಾಕನ್ನು ಕೆಡವುವವರಿದ್ದರು. ಅಲ್ಲಿನ ಮನೆಗಳವರೆಲ್ಲ ಸೇರಿ, ಚದುರಿ ಹೋಗುವ ಮೊದಲು ಕಟ್ಟಡದ ಮುಂದೆ ನಿಂತು ಒಂದೇ ಒಂದು ದೊಡ್ಡ ಫೋಟೋ ತೆಗೆಸಿಕೊಳ್ಳಬೇಕೆಂದು ತೀರ್ಮಾನಿಸಿದ್ದರು. ಗೋಡೆಯಷ್ಟು ದೊಡ್ಡದು ಮಾಡಿದರೂ ಕೊನೆಯ ಸಾಲಿನ ಮಗುವಿನ ಮುಖ ಸ್ಪಷ್ಟ ಕಾಣುತ್ತದೆ ಎಂದು ನನ್ನ ಮಗಳು ಮಾತು ಕೊಟ್ಟಿದ್ದಳು. ಭಾನುವಾರ ಬೆಳಗ್ಗೆ ಎಂದು ನಿಗದಿಯಾಗಿತ್ತು. ಸೋಮವಾರದಿಂದ ಮನೆಗಳು ಖಾಲಿಯಾಗತೊಡಗುತ್ತವೆ. ಅಂದರೆ ಆ ಭಾನುವಾರ ತಪ್ಪಿದರೆ ಇನ್ನೊಂದು ಭಾನುವಾರ ಇಲ್ಲ.

ಇಪ್ಪತ್ತೈದು ಹಾಳೆಗಳ ಒಂದು ಪೆಟ್ಟಿಗೆ ಆ ವಾರದ ಆರಂಭದಲ್ಲೇ ದೆಹಲಿಗೆ ಬಂದಿಳಿಯಿತು. ಕೊರಿಯರಿನ ಏಜೆಂಟ್ ಒಬ್ಬ ಕಾಗದ ಪತ್ರ ಹಾಕಿದ, ಮಗಳು ಮಂಗಳವಾರ ಸುಂಕ ಕಟ್ಟಿದಳು. ಸುಮ್ಮನಿದ್ದಿದ್ದರೆ ಬುಧವಾರ ಪೆಟ್ಟಿಗೆ ಮನೆಗೆ ಬರುತ್ತಿತ್ತು. ಆದರೆ ಅವಳು ಆ ಕಾಗದವನ್ನು ಊಟದ ಮೇಜಿನ ಮೇಲೆ ಬಿಟ್ಟು ಹೋದಳು, ನಾನು ಕನ್ನಡಕ ಹಾಕಿಕೊಂಡೆ.

ಬಿಡಿ ಹಾಳೆಯ ಫಿಲ್ಮಿಗೆ ಸುಂಕದ ಪುಸ್ತಕದಲ್ಲಿ ಹಲವು ಸಾಲುಗಳಿವೆ. ಎಕ್ಸ್‌ರೇಯದು ಒಂದು, ತಕ್ಷಣ ಮೂಡುವ ಫೋಟೋದ್ದು ಒಂದು, ಯಾವುದಾದರೂ ಒಂದು ಬದಿ 255 ಮಿಲಿಮೀಟರಿಗಿಂತ ಉದ್ದವಿದ್ದರೆ ಅದಕ್ಕೇ ಒಂದು, ಉಳಿದವಕ್ಕೆ ಬೇರೆ. ಏಜೆಂಟ್ ಆ ಉದ್ದದ ಸಾಲಿಗೆ ಹಾಕಿದ್ದ. ಹತ್ತು ಇಂಚು ಅಂದರೆ 254 ಮಿಲಿಮೀಟರ್. ಪೆಟ್ಟಿಗೆಯ ಅಳತೆ ನೋಡಿ ಹಾಳೆಯ ಅಳತೆ ಬರೆದಿದ್ದ, ಅಷ್ಟೆ. ಹಾಗೆಂದು ಈಗ ಹೇಳುತ್ತೇನೆ. ಅಂದು ನನಗೆ ಅನ್ನಿಸಿದ್ದೇ ಬೇರೆ: ಬೇಕೆಂದೇ ತಪ್ಪು ಬರೆದಿದ್ದಾನೆ, ನಾಳೆ ನೋಟಿಸ್ ಬಂದರೆ ಅದನ್ನು ಬಿಡಿಸಲು ಮತ್ತೆ ಇವನ ಬಳಿಗೇ ಹೋಗಬೇಕು, ಇಂಥವರನ್ನು ನಾನು ಎಷ್ಟು ಕಂಡಿಲ್ಲ.

ಎರಡು ಸಾಲುಗಳಿಗೂ ಸುಂಕ ಒಂದೇ ಆಗಿತ್ತು. ಪೈಸೆಯ ವ್ಯತ್ಯಾಸವಿರಲಿಲ್ಲ. ಆದರೂ ಒಂದು ಮಿಲಿಮೀಟರಿನ ತಪ್ಪು ನನ್ನ ಮಗಳ ಹೆಸರಿನ ಕಾಗದದಲ್ಲಿ ಉಳಿಯುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಅಂದೇ ಅಧಿಕಾರಿಗೆ ಪತ್ರ ಬರೆದೆ: ವಿವರಣೆ ತಪ್ಪಾಗಿದೆ, ದಯವಿಟ್ಟು ತಿದ್ದುಪಡಿ ಮಾಡಿ. ಮಗಳು ಅವಸರದಲ್ಲಿ ಸಹಿ ಹಾಕಿ ಮೊಬೈಲಿನಿಂದ ಕಳಿಸಿದಳು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಬುಧವಾರ ಪೆಟ್ಟಿಗೆ ಬರಲಿಲ್ಲ, ಉತ್ತರ ಬಂತು. ಸರಕನ್ನು ತೆರೆದು, ಅಳೆದು, ಪರೀಕ್ಷಿಸಿದ ಮೇಲೆ ತಿದ್ದುಪಡಿಯ ವಿಚಾರ.

ಮಗಳು ಅದನ್ನು ಓದಿ ಕುರ್ಚಿಯ ಮೇಲೆ ಕೂತಳು. “ಅಪ್ಪಾ, ಬೆಳಕಲ್ಲಿ ತೆಗೆದ್ರೆ ಖತಂ. ಒಂದು ಸೆಕೆಂಡ್ ಸಾಕು.”

“ನಾನೇ ಹೋಗ್ತೀನಿ. ಮೂವತ್ತನಾಲ್ಕು ವರ್ಷ ಇದನ್ನೇ ಮಾಡಿದ್ದು,” ಎಂದೆ.

ಅವಳು ಒಂದು ಕರಿ ಬಟ್ಟೆಯ ಚೀಲ ಕೊಟ್ಟಳು. ಎರಡು ಪದರ, ಎರಡು ಝಿಪ್ಪು, ಕೈ ತೂರಿಸಲು ಎರಡು ತೋಳು. ಪೆಟ್ಟಿಗೆಯನ್ನು ಒಳಗಿಟ್ಟು ಝಿಪ್ಪು ಹಾಕಿದರೆ ಒಳಗೆ ಪೂರ್ತಿ ಕತ್ತಲೆ; ಕೈಗೆ ತಿಳಿದಷ್ಟೇ ಕೆಲಸ. “ತೆಗೀಲೇಬೇಕು ಅಂದ್ರೆ ಇದರೊಳಗೇ. ಪ್ಲೀಸ್, ಅವರ ಜೊತೆ ಲಡಾಯಿ ಮಾಡಬೇಡಿ,” ಎಂದಳು.

ಶುಕ್ರವಾರ ಅವಳ ಅಧಿಕಾರಪತ್ರ ಹಿಡಿದು ವಿಮಾನ ನಿಲ್ದಾಣದ ಹತ್ತಿರದ ಶೆಡ್ಡಿಗೆ ಹೋದೆ. ಅಲ್ಲಿದ್ದ ಅಧಿಕಾರಿ ನನ್ನ ಮಗಳ ವಯಸ್ಸಿನ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲವಂತೆ. ನನ್ನ ಪತ್ರವನ್ನು ಎರಡು ಸಲ ಓದಿ, ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು: “ಅಂಕಲ್‌ಜೀ, ಸುಂಕದಲ್ಲಿ ಏನೂ ವ್ಯತ್ಯಾಸ ಇಲ್ಲ. ಮತ್ತೆ ಯಾಕೆ ಬರೆದಿರಿ?”

“ಸರಿ ಇರಲಿ ಅಂತ.”

ಅವಳು ನನ್ನನ್ನು ನೋಡಿದಳು, ನಂತರ ಪೆಟ್ಟಿಗೆ ನೋಡಿದಳು, ಮತ್ತೆ ನನ್ನನ್ನು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಯಾರೂ ಕೇಳದೆ ತಾನಾಗಿ ಬಂದು ಸತ್ಯ ಹೇಳುವವನ ಪೆಟ್ಟಿಗೆಯನ್ನೇ ಮೊದಲು ಬಿಚ್ಚಿಸು ಎಂದು ನಾನೇ ಎಷ್ಟೋ ಕಿರಿಯರಿಗೆ ಕಲಿಸಿದ್ದೆ. ಈಗ ಅದೇ ನೋಟ ನನ್ನ ಮೇಲೆ ಬಿದ್ದಾಗ ಮೈ ಉರಿಯಿತು.

ಚೀಲದ ವಿಷಯ ಹೇಳಿದೆ. ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ, ಅವಳು ಒಪ್ಪಿದಳು. ಒಂದು ರಟ್ಟನ್ನು ಸರಿಯಾಗಿ 255 ಮಿಲಿಮೀಟರಿಗೆ ಕತ್ತರಿಸಿ, ಅದನ್ನೂ ಪೆಟ್ಟಿಗೆಯನ್ನೂ ಚೀಲದೊಳಗಿಟ್ಟು, ಗಡಿಯಾರ ಬಿಚ್ಚಿ ಕೈ ತೂರಿಸಿದಳು. ಕಣ್ಣು ಮುಚ್ಚಿಕೊಂಡು ಹಾಳೆಯ ಪಕ್ಕಕ್ಕೆ ರಟ್ಟು ಹಿಡಿದು ಬೆರಳಿನಲ್ಲಿ ತಡವಿದಳು. “ರಟ್ಟಿಗಿಂತ ಚಿಕ್ಕದೇ ಇದೆ,” ಎಂದಳು. ಆಮೇಲೆ ಒಂದೊಂದಾಗಿ ಎಣಿಸಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಇಪ್ಪತ್ತೈದು. ಎಲ್ಲವನ್ನೂ ಒಳಗೇ ಮುಚ್ಚಿ, ಹೊರಗೆ ತೆಗೆದು, ಮುಚ್ಚಳದ ಸುತ್ತ ಟೇಪು ಅಂಟಿಸಿ, ಟೇಪಿನಿಂದ ಪೆಟ್ಟಿಗೆಗೆ ಹಾಯುವಂತೆ ಸಹಿ ಹಾಕಿದಳು. ನಾನು ಕಂಡ ಅಚ್ಚುಕಟ್ಟಾದ ಪರೀಕ್ಷೆಗಳಲ್ಲಿ ಅದೊಂದು. ಹಾಗೆಂದು ಅವಳಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಮೆಟ್ರೋದಲ್ಲಿ ಹೋದರೆ ಪೆಟ್ಟಿಗೆಯನ್ನು ಎಕ್ಸ್‌ರೇ ಯಂತ್ರದೊಳಗೆ ಹಾಕುತ್ತಾರೆಂದು ಘಾಜಿಯಾಬಾದಿನವರೆಗೂ ಆಟೋ ಮಾಡಿಸಿದೆ. ಆಟೋದವನು ಸುತ್ತು ಹಾಕುತ್ತಿದ್ದಾನೆಂಬ ಅನುಮಾನ ದಾರಿಯುದ್ದಕ್ಕೂ ಇತ್ತು, ಆದರೆ ಅದಕ್ಕಿಂತ ದೊಡ್ಡದೊಂದು ತಲೆಯಲ್ಲಿ ಹುಟ್ಟಿಕೊಂಡಿತ್ತು. ಆ ಹುಡುಗಿಯ ಕೈ ಚೀಲದೊಳಗೆ ಅಷ್ಟು ಹೊತ್ತು ಯಾಕಿತ್ತು? ಪರೀಕ್ಷೆಗೆಂದು ಮಾದರಿ ತೆಗೆಯುವ ಅಧಿಕಾರ ನಮ್ಮವರಿಗಿದೆ, ತೆಗೆದರೆ ಬರೆದುಕೊಡಬೇಕು. ಬರೆಯದೆ ತೆಗೆಯುವವರೂ ಇರುತ್ತಾರೆ. ಚೀಲದ ತೋಳಿನಿಂದ ಒಂದು ಹಾಳೆ ಅವಳ ಸ್ವೆಟರಿನ ತೋಳಿಗೆ ಜಾರಿದ್ದರೆ? ಹತ್ತು ಇಂಚಿನ ಹಾಳೆ ಸ್ವೆಟರಿನ ತೋಳಿಗೆ ಹೇಗೆ ಜಾರುತ್ತದೆ ಎಂದು ನಾನು ನನ್ನನ್ನು ಕೇಳಿಕೊಳ್ಳಲಿಲ್ಲ. ಮೊಸರಲ್ಲಿ ಕಲ್ಲು ಹುಡುಕುವವನಿಗೆ ಕಲ್ಲು ಸಿಗುವವರೆಗೂ ನೆಮ್ಮದಿಯಿಲ್ಲ.

ಶನಿವಾರ ಮಧ್ಯಾಹ್ನ ಮಗಳು ಯಾರು ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಲು ಸರೋಜಿನಿ ನಗರಕ್ಕೆ ಹೋಗಿದ್ದಳು. ಕರಿ ಚೀಲವೂ ಅವಳ ಬ್ಯಾಗಿನಲ್ಲೇ ಹೋಗಿತ್ತು. ಹೆಂಡತಿ ಸ್ನಾನಕ್ಕೆ ನೀರು ಕಾಯಲೆಂದು ಗೀಜರ್ ಹಾಕಿ ಅಡುಗೆಮನೆಯಲ್ಲಿದ್ದಳು. ನಾನು ಪೆಟ್ಟಿಗೆ ಹಿಡಿದು ಬಾತ್‌ರೂಮಿಗೆ ಹೋದೆ.

ಸಹಿ ಹರಿಯದಂತೆ ಟೇಪು ಬಿಡಿಸುವ ವಿದ್ಯೆಯನ್ನು ನಾನು ಕಳ್ಳಸಾಗಣೆಯವರಿಂದ ಕಲಿತಿದ್ದೆ. ಬಿಸಿನೀರಿನ ಚೊಂಬನ್ನು ಒತ್ತಿ ಹಿಡಿದರೆ ಅಂಟು ಮೆತ್ತಗಾಗುತ್ತದೆ. ಟೇಪು ಬಿಡಿಸಿದೆ. ಕಿಟಕಿಯ ಸಂದಿಗೆ ಟವೆಲ್ ತುರುಕಿದೆ, ಬಾಗಿಲ ಕೆಳಗೆ ಇನ್ನೊಂದು. ದೀಪ ಆರಿಸಿದೆ. ಗೀಜರಿನ ಕೆಂಪು ದೀಪದ ಚುಕ್ಕೆ ಮಾತ್ರ ಉಳಿಯಿತು. ಕೆಂಪು ಬೆಳಕಿನಿಂದ ಫಿಲ್ಮಿಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹಿಂದೆ ಸ್ಟುಡಿಯೋಗಳ ಕತ್ತಲೆಕೋಣೆಯಲ್ಲಿ ಕೆಂಪು ಬಲ್ಬು ಉರಿಯುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಅದು ಕಾಗದಕ್ಕೆ ಮಾತ್ರ ಸರಿ, ಈ ಫಿಲ್ಮಿಗೆ ಕೆಂಪೂ ಕಾಣುತ್ತದೆ ಎಂಬುದು ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಿದರೆ ಯಾಕೆ ಎನ್ನುತ್ತಾಳೆ.

ಗೀಜರಿನ ಕೆಳಗೇ ನಿಂತು ಒಂದೊಂದೇ ಹಾಳೆ ಸರಿಸಿ ಎಣಿಸಿದೆ. ಸಮಾಧಾನವಾಗದೆ ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೈದೂ ಇದ್ದವು. ನನಗೆ ಖುಷಿಯಾಗಬೇಕಿತ್ತು, ನಿಜ ಹೇಳುವುದಾದರೆ ತುಸು ನಿರಾಸೆಯಾಯಿತು. ಎಲ್ಲ ಮೊದಲಿನಂತೆ ಮುಚ್ಚಿ, ಸಹಿಯ ಗೆರೆಗೆ ಗೆರೆ ಕೂಡಿಸಿ ಟೇಪು ಒತ್ತಿದೆ.

ಭಾನುವಾರ ಅವಳ ಜೊತೆ ನಾನೂ ಹೋಗಿದ್ದೆ. ಬಿಸಿಲು ಚೆನ್ನಾಗಿತ್ತು. ವಯಸ್ಸಾದವರು ಕುರ್ಚಿಯಲ್ಲಿ, ಉಳಿದವರು ಹಿಂದೆ, ಮಕ್ಕಳು ಮೆಟ್ಟಿಲ ಮೇಲೆ. ಒಬ್ಬ ಅಜ್ಜಿ ಬಾಗಿಲಿನ ಮನೆ ನಂಬರಿನ ಹಲಗೆಯನ್ನೇ ಕಿತ್ತು ತಂದು ತೊಡೆಯ ಮೇಲಿಟ್ಟುಕೊಂಡಿದ್ದಳು. ನನ್ನ ಮಗಳು ಕರಿ ಬಟ್ಟೆಯೊಳಗಿಂದ ಹೊರಬಂದು, “ಚಲೋ, ಈಗ ಯಾರೂ ಅಲ್ಲಾಡಬೇಡಿ,” ಎಂದು ಹಿಂದಿಯಲ್ಲಿ ಕೂಗಿದಾಗ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತರು. ಎಂಟು ಹಾಳೆಗಳಲ್ಲಿ ಫೋಟೋ ತೆಗೆದಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಅವಳ ಶಾಲೆಯ ದಿನಗಳ ನಂತರ ಕಂಡಿರಲಿಲ್ಲ.

ಸೋಮವಾರ ತೊಳೆದಾಗ ಎಂಟೂ ಬೆಳಕು ತಾಗಿ ಪೂರ್ತಿ ಕಪ್ಪಾಗಿದ್ದವು. ಪೆಟ್ಟಿಗೆಯಲ್ಲಿ ಉಳಿದಿದ್ದ ಹದಿನೇಳರಲ್ಲಿ ಒಂದನ್ನು ಕ್ಯಾಮೆರಾಕ್ಕೆ ಹಾಕದೆ ಹಾಗೆಯೇ ತೊಳೆದು ನೋಡಿದಳು. ಅದೂ ಕಪ್ಪು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇತ್ತು, ಅದನ್ನು ದೊಡ್ಡದು ಮಾಡಿದರೆ ಹಿಂದಿನ ಸಾಲಿನ ಮುಖಗಳು ಅಕ್ಕಿಹಿಟ್ಟು ಬಳಿದಂತೆ ಕಾಣುತ್ತಿದ್ದವು. ಅಷ್ಟರಲ್ಲಿ ಸರೋಜಿನಿ ನಗರದಿಂದ ಎರಡು ಲಾರಿ ಸಾಮಾನು ಹೊರಟಾಗಿತ್ತು. ಅವಳು ಅಳಲಿಲ್ಲ. ಬಾತ್‌ರೂಮಿನಲ್ಲಿ ಬಹಳ ಹೊತ್ತು ಇದ್ದಳು. ಕಾರಣ ನನಗೆ ಆಗಲೇ ಹೊಳೆದಿತ್ತು. ಆದರೂ ಬಾಯಿ ಬಿಡಲಿಲ್ಲ. ಚೀಲದಲ್ಲೇ ತೂತಿರಬಹುದು, ಆ ಹುಡುಗಿಯ ತೋಳಿನ ಸಂದಿಯಿಂದ ಬೆಳಕು ನುಗ್ಗಿರಬಹುದು ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ.

ಬುಧವಾರ ಬೆಳಗ್ಗೆ ಮಗಳು ಎರಡು ಹಾಳೆ ತಂದು ನನ್ನ ಮುಂದಿಟ್ಟಳು. ಆ ಅಧಿಕಾರಿಯ ಮೇಲೆ ದೂರು. ಅಜಾಗರೂಕತೆಯಿಂದ ಸರಕು ಹಾಳು ಮಾಡಿದ್ದಾಳೆ, ಕ್ರಮ ಕೈಗೊಳ್ಳಬೇಕು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

“ಆಫೀಸ್ ಭಾಷೆ ನಿಮಗೆ ಗೊತ್ತು. ಕರೆಕ್ಟ್ ಮಾಡಿ ಕೊಡಿ. ಕೆಳಗೆ ವಿಟ್ನೆಸ್ ಅಂತ ನಿಮ್ಮ ಸಹಿ ಬೇಕು.”

ಕೆಂಪು ಪೆನ್ನು ತೆಗೆದುಕೊಂಡೆ. ಮೊದಲ ವಾಕ್ಯ ಉದ್ದವಾಗಿತ್ತು, ತುಂಡು ಮಾಡಿದೆ. ಪರೀಕ್ಷೆಯ ಸ್ಥಳ ಬರೆದಿರಲಿಲ್ಲ, ಸೇರಿಸಿದೆ. ಒಂದು ಕಡೆ ಮಾತು ಒರಟಾಗಿತ್ತು, ನಯ ಮಾಡಿದೆ. ನಯವಾದ ದೂರು ಹೆಚ್ಚು ಚುಚ್ಚುತ್ತದೆಂದು ನನಗೆ ಗೊತ್ತು. ಹೀಗೆ ಎರಡನೆಯ ಪುಟದ ಕೊನೆಗೆ ಬಂದು, ಸಹಿಯ ಜಾಗದಲ್ಲಿ ಪೆನ್ನು ಇಟ್ಟೆ. ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗಿಗೆ ಇಂಥ ಕಾಗದ ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು. ಕಣ್ಣು ಮುಚ್ಚಿಕೊಂಡು ಎಣಿಸುತ್ತಿದ್ದ ಅವಳ ಮುಖ ನೆನಪಾಯಿತು. ಕೈ ನಿಂತಿತು.

“ಅವಳಲ್ಲ, ನಾನು. ಶನಿವಾರ ಬಾತ್‌ರೂಮಿನಲ್ಲಿ ತೆಗೆದು ಎಣಿಸಿದೆ. ಗೀಜರಿನ ಲೈಟ್ ಇತ್ತು,” ಎಂದೆ.

ಮಗಳು ಮೊಬೈಲ್ ತೆಗೆದು ಎರಡು ಫೋಟೋ ತೋರಿಸಿದಳು. ಒಂದು, ಪೆಟ್ಟಿಗೆ ಬಂದ ಶುಕ್ರವಾರ ಸಂಜೆ ಸಂತೋಷಕ್ಕೆ ತೆಗೆದದ್ದು. ಇನ್ನೊಂದು, ಸೋಮವಾರ ಕಸದ ಬುಟ್ಟಿಯಿಂದ ಟೇಪು ಎತ್ತಿ ಅದೇ ಪೆಟ್ಟಿಗೆಗೆ ಹಿಡಿದು ತೆಗೆದದ್ದು. ಮೊದಲನೆಯದರಲ್ಲಿ ಅಧಿಕಾರಿಯ ಸಹಿ ಒಣಗಿ ಸ್ಪಷ್ಟವಾಗಿತ್ತು. ಎರಡನೆಯದರಲ್ಲಿ ಟೇಪಿನ ಮೇಲಿನ ಶಾಯಿ ಬಿಸಿನೀರಿನ ಹಬೆಗೆ ಹರಡಿಕೊಂಡಿತ್ತು.

“ಸೋಮವಾರವೇ ಗೊತ್ತಾಗಿತ್ತು,” ಎಂದಳು.

“ಮತ್ತೆ ಈ ದೂರು ಯಾಕೆ ಬರೆದೆ?”

“ಕಳಿಸೋಕಲ್ಲ. ನೀವು ಸಹಿ ಹಾಕ್ತೀರಾ ಅಂತ ನೋಡಬೇಕಿತ್ತು.”

ಹಾಕಲಿಲ್ಲವಲ್ಲ ಎಂದು ನನ್ನ ಮನಸ್ಸಿನ ಒಂದು ಮೂಲೆ ಸಮಾಧಾನಪಟ್ಟುಕೊಳ್ಳಲು ಹೊರಟಿತ್ತು. ಅವಳು ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲ ಪುಟದಿಂದ ಒಂದೊಂದೇ ಕೆಂಪು ಗುರುತಿನ ಮೇಲೆ ಬೆರಳಿಡುತ್ತಾ ಹೋದಳು. ಕೊನೆಯದನ್ನು ಮುಟ್ಟಿದ ಮೇಲೆ ತಲೆಯೆತ್ತಿದಳು.

“ಹನ್ನೊಂದು ಕಡೆ ಕರೆಕ್ಟ್ ಮಾಡಿದ ಮೇಲೆ ಹೇಳಿದ್ರಿ, ಅಪ್ಪಾ.”